ನೂರ ನಲವತ್ತೆರಡೂವರೆ ಪೌಂಡು

ಐದನೆಯ ಬಿಲ್ಲೆಯನ್ನು ಪಿಸ್ಟನ್ನಿನ ಮೇಲಿಟ್ಟು ಅವಳು ಎರಡು ಬೆರಳಿನಲ್ಲಿ ತಿರುಗಿಸಿದಳು. ಒಂದೊಂದೂ ಒಂದು ಕೆಜಿ ಒತ್ತಡ ಕೊಡುವ ಬಿಲ್ಲೆಗಳ ಪುಟ್ಟ ಗೋಪುರ ಎಣ್ಣೆಯ ಮೇಲೆ ತೇಲುತ್ತ ಬುಗುರಿಯ ಹಾಗೆ ಸುತ್ತತೊಡಗಿತು. ಪಕ್ಕದಲ್ಲಿ ಬಿಗಿದು ಕೂರಿಸಿದ್ದ ಗೇಜಿನ ಮುಳ್ಳು ಏರಿ, ಐದರ ಗೆರೆಗೆ ಕೂದಲೆಳೆಯಷ್ಟು ಕೆಳಗೆ ನಿಂತಿತು.

ಅವಳು ಬಿಲ್ಲೆಗಳನ್ನು ಮತ್ತೊಮ್ಮೆ ತಿರುಗಿಸಿದಳು, ಈ ಸಲ ಜೋರಾಗಿ. ಗೋಪುರ ಓಲಾಡಿತು.

"ಸಿಟ್ಟನ್ನ ಎಣ್ಣೆ ಮೇಲೆ ತೋರಿಸಬೇಡ ಕಣಮ್ಮ," ಬಾಗಿಲ ಬಳಿಯ ಕುರ್ಚಿಯಿಂದ ಮಾವ ಹೇಳಿದರು. "ಯಾರ ಮೇಲಿನ ಸಿಟ್ಟು ಅಂತ ಅದಕ್ಕೆ ಗೊತ್ತಾಗಲ್ಲ."

"ನನಗೂ ಗೊತ್ತಿಲ್ಲ ಮಾವ. ಅದಕ್ಕೇ ಎಣ್ಣೆ ಮೇಲೆ."

ಮಾವ ನಗಲಿಲ್ಲ. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬೀದಿಯ ಕಡೆ ತಿರುಗಿದರು.

ಒತ್ತಡದ ಗೇಜುಗಳನ್ನು ಪರೀಕ್ಷಿಸಿ, ತಪ್ಪಿದ್ದನ್ನು ತಿದ್ದಿ ಕೊಡುವ ಈ ಒಂದು ಕೋಣೆಯ ವರ್ಕ್‌ಶಾಪು ಅವರು ಕಟ್ಟಿದ್ದು. ಅವರ ಕೈ ನಡುಗಲು ಶುರುವಾದ ಮೇಲೆ ಹೆಸರಿಗೆ ಅದು ಮಗನದು. ಬೆಂಚಿನ ಮುಂದೆ ಕೂರುವವಳು ಮಾತ್ರ ಹದಿನೆಂಟು ವರ್ಷದಿಂದಲೂ ಸೊಸೆಯೇ.

ಬೆಂಚಿನ ಮೇಲೆ, ಸ್ಪ್ಯಾನರಿನ ಭಾರಕ್ಕೆ ಸಿಕ್ಕಿಕೊಂಡು, ಬೆಳಿಗ್ಗೆ ವಕೀಲರು ಕಳಿಸಿದ್ದ ಜೆರಾಕ್ಸ್ ಹಾಳೆಯಿತ್ತು. ಲಾಂಡ್ರಿಯ ಬಾಯ್ಲರ್ ಸಿಡಿದು ಹದಿನಾರು ದಿನವಾಗಿತ್ತು. ಇಸ್ತ್ರಿ ಹಾಲಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಸತ್ತಿದ್ದಳು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಸೊಸೆಯ ಸ್ವಂತ ತಮ್ಮ ಲಾಕಪ್ಪಿನಲ್ಲಿದ್ದ. ಹಾಳೆ ಆ ದಿನದ ಲಾಗ್. ಗಂಟೆಗೊಮ್ಮೆ ಗೇಜು ನೋಡಿ ಒತ್ತಡ ಎಷ್ಟಿದೆ ಎಂದು ಬರೆಯುವ ಹಾಳೆ.

ಒತ್ತಡ ಏಳು ಕೆಜಿಗಿಂತ ಮೇಲೆ ಹೋಗಬಾರದ ಬಾಯ್ಲರ್ ಅದು. ಪೌಂಡಿನಲ್ಲಿ ಹೇಳಿದರೆ ನೂರು. ಸಿಡಿದಾಗ ಅದರಲ್ಲಿ ಹತ್ತು ಕೆಜಿ ಇತ್ತು ಎಂದು ಬಾಯ್ಲರ್ ಇನ್ಸ್‌ಪೆಕ್ಟರು ಹರಿದ ತಗಡು ನೋಡಿ ಹೇಳಿದ್ದರು. 'ನಾನು ನೂರಕ್ಕಿಂತ ಮೇಲೆ ಮುಳ್ಳು ನೋಡೇ ಇಲ್ಲ ಅಕ್ಕ' ಎಂದು ತಮ್ಮ ಸರಳುಗಳ ಆಚೆಯಿಂದ ಅತ್ತಿದ್ದ. ಆದರೆ ಲಾಗ್ ಹಾಳೆಯಲ್ಲಿ, ಅವನ ಸಹಿಯ ಪಕ್ಕದಲ್ಲೇ, ನೂರನ್ನು ದಾಟಿದ ಅಂಕಿಗಳು ಸಾಲಾಗಿ ಕೂತಿದ್ದವು. ಗೇಜು ಚೂರುಚೂರಾಗಿತ್ತು. ಉಳಿದ ಸಾಕ್ಷಿ ಈ ಹಾಳೆಯೊಂದೇ.

'ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ,' ವಕೀಲರು ಹೇಳಿದ್ದರು. 'ಅಷ್ಟರೊಳಗೆ ಇದರಲ್ಲಿ ಏನಾದ್ರೂ ತಪ್ಪು ಕಂಡುಹಿಡಿದರೆ ಸರಿ. ಇಲ್ಲದಿದ್ರೆ ನಾಳೆ ಹತ್ತಕ್ಕೆ ಕೋರ್ಟಿನಲ್ಲಿ ನಾನು ಬಾಯಿ ತೆರೆಯೋದೂ ಒಂದೇ, ಆಕಳಿಸೋದೂ ಒಂದೇ.'

ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು.

ಫೋನ್ ಬಂತು. ವಕೀಲರಲ್ಲ. ತಮ್ಮನ ಹೆಂಡತಿ.

"ಅತ್ತಿಗೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಯಾರ ಕಡೆ?"

"ಅದೇನು ಮಾತು ಅಂತ ಆಡ್ತೀಯ?"

"ಗೇಜು ಸರಿ ಇತ್ತು ಅಂತ ನಿಮ್ಮ ಅಂಗಡಿಯಿಂದಲೇ ಸರ್ಟಿಫಿಕೇಟ್ ಹೋಗಿದೆಯಂತಲ್ಲ. ಅಣ್ಣನೇ ಸಹಿ ಹಾಕಿದ್ದಾರಂತೆ. ಹಾಗಾದ್ರೆ ಸುಳ್ಳು ಹೇಳ್ತಿರೋರು ನಮ್ಮನೆಯವರೇ ಅಂತಾಯ್ತು."

"ಎಲ್ಲ ಸರ್ಟಿಫಿಕೇಟಿಗೂ ನಮ್ಮನೆಯವರೇ ಸಹಿ ಹಾಕೋದು. ಅದು ವರ್ಷಕ್ಕೊಂದು ಸಲ ಹೋಗೋ ಕಾಗದ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಬಿದ್ದಿರೋದು ನಮಗೆ ಅತ್ತಿಗೆ, ನೀವು ಜ್ವರ ಯಾರದು ಅಂತ ಲೆಕ್ಕ ಹಾಕ್ತಾ ಕೂತಿದ್ದೀರ."

ಅವಳು ಹಲ್ಲು ಕಚ್ಚಿದಳು. ಉತ್ತರ ಕೊಡಬಹುದಿತ್ತು. ಕೊಟ್ಟರೆ ಮೂರು ಸಂಜೆ ಕೂತು ಸಮಾಧಾನ ಮಾಡಬೇಕಾಗುತ್ತಿತ್ತು. ಸಿಟ್ಟನ್ನು ನುಂಗಿ, ಬೆಳಿಗ್ಗೆಯಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿದಳು.

"ಅವನು ಅಂಕಿ ಹೇಗೆ ಬರೀತಾನೆ ನೆನಪಿದೆಯಾ? ಬಿಡಿಬಿಡಿಯಾಗಿ ಬರೀತಾನಾ, ಇಲ್ಲ ಒಟ್ಟಾಗಿ ಐದು ಹತ್ತು ಅಂತಾನಾ?"

"ಅವರಾ? ಗಡಿಯಾರ ನೋಡಿದ್ರೂ ಐದಕ್ಕೆ ಸರಿ ಮಾಡಿ ಹೇಳೋ ಮನುಷ್ಯ. ಮಗಳ ಜ್ವರ ನೂರ ಎರಡು ಅಂತ ನಾನಂದ್ರೆ, 'ಹೂಂ, ನೂರು' ಅಂತಿದ್ರು." ಒಂದು ಕ್ಷಣ ಆ ಕಡೆ ನಗುವಿನಂಥದ್ದು ಕೇಳಿ, ಅದು ಬಿಕ್ಕಾಗಿ ಒಡೆಯಿತು. "ಬೆಳಿಗ್ಗೆ ಹೊತ್ತು ಮುಳ್ಳು ಏಳೋದೇ ಇಲ್ಲ, ಸೋಮಾರಿ ಅಂತ ಮನೆಗೆ ಬಂದು ಬೈತಿದ್ರು. ನಿಮಗೂ ಹೇಳಿದ್ರಂತೆ. ನೀವು ನಕ್ಕಿರಂತೆ."

"ನಕ್ಕೆ," ಅಂದಳು. ಹೌದು, ನಕ್ಕಿದ್ದಳು. 'ಮುಳ್ಳು ನಿನ್ನ ಹಾಗೇ ಕಣೋ, ಬೆಳಿಗ್ಗೆ ಏಳೋಕೆ ಕಷ್ಟ' ಎಂದಿದ್ದಳು.

ಫೋನಿಟ್ಟು ಹಾಳೆಯನ್ನು ಸ್ಪ್ಯಾನರಿನ ಕೆಳಗಿಂದ ಎಳೆದಳು.

ಬೆಳಿಗ್ಗೆ ಏಳು ಗಂಟೆಯಿಂದ ಹತ್ತರವರೆಗೆ: ತೊಂಬತ್ತು, ತೊಂಬತ್ತೈದು, ನೂರು, ನೂರು. ಹನ್ನೊಂದಕ್ಕೆ ನೂರ ಹದಿನಾಲ್ಕು. ಹನ್ನೆರಡಕ್ಕೆ ನೂರ ಇಪ್ಪತ್ತೆಂಟು. ಒಂದಕ್ಕೆ ಮತ್ತು ಎರಡಕ್ಕೆ ನೂರ ನಲವತ್ತೆರಡೂವರೆ. ಎರಡೂ ಇಪ್ಪತ್ತಕ್ಕೆ ಬಾಯ್ಲರ್ ಸಿಡಿದಿತ್ತು.

ಪೊಲೀಸರು ನೋಡಿದ್ದು ಅಂಕಿ ಎಷ್ಟು ದೊಡ್ಡದು ಎಂದು. ವಕೀಲರು ನೋಡಿದ್ದು ಅಕ್ಷರ ಯಾರದು ಎಂದು. ಅವಳು ಆ ಅರ್ಧವನ್ನೇ ನೋಡಿದಳು.

ಲಾಂಡ್ರಿಯ ಗೇಜಿನ ಮುಖ ಅವಳಿಗೆ ಅಂಗೈಯಷ್ಟು ಪರಿಚಯ. ಐದೈದು ಪೌಂಡಿಗೆ ಒಂದೊಂದು ಗೆರೆ. ಎರಡು ಗೆರೆಗಳ ನಡುವೆ ಭತ್ತದ ಕಾಳಿನಷ್ಟು ಜಾಗ. ಅಲ್ಲಿ ನಿಂತ ಮುಳ್ಳನ್ನು ಕಣ್ಣಿನಲ್ಲಿ ನೋಡಿ ನೂರ ನಲವತ್ತು ಎನ್ನಬಹುದು, ನೂರ ನಲವತ್ತೈದು ಎನ್ನಬಹುದು. ನೂರ ಹದಿನಾಲ್ಕು, ನೂರ ಇಪ್ಪತ್ತೆಂಟು, ನೂರ ನಲವತ್ತೆರಡೂವರೆ ಎಂದು ಸಾಲಾಗಿ ಬರೆಯಲು ಹದ್ದಿನ ಕಣ್ಣಾದರೂ ಸಾಲದು. ಅದರಲ್ಲೂ ಮಗಳ ಜ್ವರವನ್ನೇ ಒಟ್ಟು ಮಾಡಿ ಹೇಳುವ ತಮ್ಮ.

ಮೊದಲ ನಾಲ್ಕು ಅಂಕಿ ಮುಳ್ಳು ನೋಡಿ ಬರೆದವು. ಉಳಿದ ನಾಲ್ಕು ಲೆಕ್ಕ ಮಾಡಿ ಬರೆದವು.

ಯಾರೋ ಒಬ್ಬರು, ಇನ್ಸ್‌ಪೆಕ್ಟರು 'ಹತ್ತು ಕೆಜಿ' ಎಂದ ಮೇಲೆ, ನಿಧಾನವಾಗಿ ಕೂತು, ಹತ್ತು ಕೆಜಿಯನ್ನು ಪೌಂಡಿಗೆ ತಿರುಗಿಸಿ, ಅವಳ ತಮ್ಮನ ಸಹಿ ಅನುಕರಿಸಿ, ಹೊಸ ಹಾಳೆ ಬರೆದಿದ್ದಾರೆ.

ಯಾರು?

ಒತ್ತಡ ಒಂದೇ ಆದರೂ ಅದನ್ನು ಅಳೆಯುವವರು ಒಂದೇ ಭಾಷೆ ಆಡುವುದಿಲ್ಲ. ಬಾಯ್ಲರಿನವರಿಗೆ ಪೌಂಡು. ಇನ್ಸ್‌ಪೆಕ್ಟರಿಗೆ ಕೆಜಿ. ಹೊಸ ಯಂತ್ರದವರಿಗೆ ಬಾರ್. ನೀರಿನ ಪಂಪಿನವರು ನೀರು ಎಷ್ಟು ಎತ್ತರ ಏರುತ್ತದೆ ಎಂದೇ ಅಳೆಯುವುದರಿಂದ ಅವರಿಗೆ ಮೀಟರ್. ಈ ಭಾಷೆಯಿಂದ ಆ ಭಾಷೆಗೆ ದಾಟುವಾಗ ಒಬ್ಬೊಬ್ಬರು ಒಂದೊಂದು ಸೇತುವೆ ಹಿಡಿಯುತ್ತಾರೆ.

ಅವಳ ಮನಸ್ಸಿನಲ್ಲಿ ಮೊದಲು ಬಂದವನು ಲಾಂಡ್ರಿಯ ಮ್ಯಾನೇಜರು. ಮೈಮೇಲೆ ಒಂದು ಸುಕ್ಕಿಲ್ಲದ ಅವನನ್ನು ಕೆಲಸದವರು ಇಸ್ತ್ರಿ ಸಾಹೇಬ ಎನ್ನುತ್ತಿದ್ದರು. ಹದಿನಾರು ದಿನದಿಂದ ಅವಳು ಬೈದುಕೊಳ್ಳುತ್ತಿದ್ದುದು ಅವನನ್ನೇ. ಆದರೆ ಅವನ ಬಾಯಲ್ಲಿ ಬಾರ್ ಬಿಟ್ಟರೆ ಬೇರೆ ಬಂದಿಲ್ಲ. ಒಂದು ಬಾರ್‌ಗೆ ಹದಿನಾಲ್ಕೂವರೆ ಪೌಂಡು. ಹಾಳೆಯ ಹಿಂಬದಿಯಲ್ಲಿ ಭಾಗಿಸಿದಳು. ನೂರ ನಲವತ್ತೆರಡೂವರೆಗೆ ಒಂಬತ್ತು ಪಾಯಿಂಟ್ ಎಂಟು ಮೂರು ಬಂತು. ನೂರ ಹದಿನಾಲ್ಕಕ್ಕೆ ಏಳು ಪಾಯಿಂಟ್ ಎಂಟು ಆರು. ಸುಳ್ಳು ಬರೆಯುವವನು ಇಂಥ ವಕ್ರ ಅಂಕಿಯಿಂದ ಶುರು ಮಾಡುವುದಿಲ್ಲ. ಅವನು ಹತ್ತು ಬಾರ್ ಎಂದುಕೊಂಡಿದ್ದರೆ ನೂರ ನಲವತ್ತೈದು ಬರೆಯುತ್ತಿದ್ದ.

ಇನ್ಸ್‌ಪೆಕ್ಟರ ಕಚೇರಿಯವರೇ? ಅವರು ಎಲ್ಲವನ್ನೂ ಮೊಬೈಲಿಗೆ ಕೇಳುತ್ತಾರೆ. ಅವಳೂ ಕೇಳಿದಳು. ಹತ್ತು ಕೆಜಿಗೆ ನೂರ ನಲವತ್ತೆರಡು ಪಾಯಿಂಟ್ ಎರಡು ಎಂದಿತು ಮೊಬೈಲು. ಅದನ್ನು ನೋಡಿದವನು ನೂರ ನಲವತ್ತೆರಡು ಎಂದು ಬರೆದು ಸುಮ್ಮನಾಗುತ್ತಾನೆ. ಅರ್ಧ ಎಲ್ಲಿಂದ ತರುತ್ತಾನೆ?

ಪೆನ್ಸಿಲು ಹಾಗೇ ನಿಂತಿತು.

ನಾಲಗೆಯ ತುದಿಯಲ್ಲಿ ಒಂದು ರಾಗ ತಾನಾಗಿಯೇ ಎದ್ದಿತು. ಮದುವೆಯಾಗಿ ಬಂದ ಮೊದಲ ವರ್ಷ, ಇದೇ ಬೆಂಚಿನ ಮುಂದೆ ಕೂತು ಬಾಯಿಪಾಠ ಮಾಡಿದ್ದು. ಹದಿನಾಲ್ಕೂಕಾಲ್ ಒಂದ್ಲ ಹದಿನಾಲ್ಕೂಕಾಲು. ಎರಡ್ಲ ಇಪ್ಪತ್ತೆಂಟೂವರೆ. ಮೂರ್ಲ ನಲವತ್ತೆರಡೂಮುಕ್ಕಾಲು. ನಾಲ್ಕ್ಲ ಐವತ್ತೇಳು...

ಎಂಟ್ಲ ನೂರ ಹದಿನಾಲ್ಕು.

ಒಂಬತ್ಲ ನೂರ ಇಪ್ಪತ್ತೆಂಟೂಕಾಲು.

ಹತ್ಲ ನೂರ ನಲವತ್ತೆರಡೂವರೆ.

ಗೋಪುರ ತಿರುಗುವುದು ನಿಂತಿತ್ತು. ಅವಳು ಎದ್ದು, ಹಾಳೆ ಹಿಡಿದು, ಬಾಗಿಲ ಬಳಿಯ ಕುರ್ಚಿಯ ಮುಂದೆ ಹೋಗಿ ನಿಂತಳು.

"ಮಾವ, ಒಂಬತ್ತರದು ಹೇಳಿ."

"ಏನು ಒಂಬತ್ತರದು?"

"ಕೆಜಿಯಿಂದ ಪೌಂಡಿಗೆ. ನಿಮ್ಮ ಮಗ್ಗಿ."

ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಮಾವ ತಾವೇ ಕಟ್ಟಿಕೊಂಡ ಮಗ್ಗಿ ಅದು. ಹದಿನಾಲ್ಕು ಪಾಯಿಂಟ್ ಎರಡು ಎರಡು ಎಂದು ಯಾರು ಗುಣಿಸುತ್ತ ಕೂರುತ್ತಾರೆ, ಹದಿನಾಲ್ಕೂಕಾಲು ಅಂದರೆ ಸಾಕು, ಮುಳ್ಳಿನ ದಪ್ಪದಲ್ಲೇ ಅಷ್ಟು ವ್ಯತ್ಯಾಸ ಮುಚ್ಚಿಹೋಗುತ್ತದೆ ಎನ್ನುತ್ತಿದ್ದರು. ಬೇರೆ ಯಾವ ವರ್ಕ್‌ಶಾಪಿನಲ್ಲೂ, ಯಾವ ಪುಸ್ತಕದಲ್ಲೂ ಅದು ಇಲ್ಲ.

"ನೂರ ಇಪ್ಪತ್ತೆಂಟೂಕಾಲು," ಎಂದರು ಮಾವ. ದನಿ ಆಗಲೇ ತಗ್ಗಿತ್ತು.

"ಬರೆಯೋವಾಗ?"

"ಕಾಲು ಬಿಡು, ಅರೆ ಹಿಡಿ."

"ಹಾಗಾದ್ರೆ ನೂರ ಇಪ್ಪತ್ತೆಂಟು. ಹತ್ತರದಕ್ಕೆ ನೂರ ನಲವತ್ತೆರಡೂವರೆ, ಅರ್ಧ ಬಿಡೋ ಹಾಗಿಲ್ಲ." ಅವಳು ಹಾಳೆಯನ್ನು ಅವರ ತೊಡೆಯ ಮೇಲಿಟ್ಟಳು. "ಓದಿ ನೋಡಿ. ನಿಮ್ಮ ಮಗ್ಗಿ ಲಾಂಡ್ರಿಗೆ ಹೋಗಿ ಲಾಗ್ ಬರೆದು ಬಂದಿದೆ."

ಮಾವ ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ಹಾಳೆ ಅವರ ಕೈಯ ನಡುಕಕ್ಕೆ ಸಿಕ್ಕಿ ಸಣ್ಣಗೆ ಸದ್ದು ಮಾಡಿತು. ಅವರ ಮುಖದಲ್ಲಿ ಆಶ್ಚರ್ಯವಿಲ್ಲದಿರುವುದನ್ನು ನೋಡಿ ಅವಳ ಮೈಯೆಲ್ಲ ಉರಿಯಿತು.

"ನಿಮಗೆ ಗೊತ್ತಿತ್ತು."

"ಕೂತ್ಕೋ ಮೊದಲು."

"ಹದಿನಾರು ದಿನ ನಾನು ಲಾಕಪ್ಪಿಗೆ ಡಬ್ಬಿ ಹೊತ್ತುಕೊಂಡು ಹೋಗಿದ್ದೀನಿ. ವಾಪಸ್ ಬಂದಾಗ ನೀವು ಇದೇ ಕುರ್ಚಿಯಲ್ಲಿ ಕೂತು, 'ಹುಡುಗ ಊಟ ಮಾಡಿದನಾ' ಅಂತ ಕೇಳಿದ್ದೀರಿ. ನಾಚಿಕೆ ಅನ್ನಿಸಲಿಲ್ವಾ ಮಾವ?"

ಹದಿನೆಂಟು ವರ್ಷದಲ್ಲಿ ಅವಳು ಮಾವನೆದುರು ಇಷ್ಟು ದನಿ ಎತ್ತಿದ್ದು ಇದೇ ಮೊದಲು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ನೋಡಲಿ, ಎಂದುಕೊಂಡಳು.

"ನಾನೇ ಬರೆದೆ," ಎಂದರು ಮಾವ.

"ಏನು?"

"ಹಾಳೆ. ನಾನೇ ಬರೆದೆ. ವಕೀಲರಿಗೆ ಹಾಗಂತ ಹೇಳು. ನನಗೆ ಎಪ್ಪತ್ತೆಂಟು, ನನ್ನನ್ನ ಒಳಗೆ ಹಾಕಿ ಏನು ಮಾಡ್ತಾರೆ. ದಿನಾ ಮಾತ್ರೆ ಕೊಡೋ ಕೆಲಸ ಅವರಿಗೆ."

ಅವಳು ಜಡೆಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಎಳೆದು ಅವರ ಬೆರಳುಗಳ ನಡುವೆ ತುರುಕಿದಳು. ಹಾಳೆಯನ್ನು ತಿರುಗಿಸಿ ಹಿಡಿದಳು.

"ಬರೀರಿ. ನೂರ ನಲವತ್ತೆರಡೂವರೆ."

"ಬೇಡ ಕಣಮ್ಮ."

"ಬರೀರಿ ಮಾವ."

ಅವರು ಬರೆದರು. ಒಂದು, ಇರುವೆ ಸಾಲಿನ ಹಾಗೆ ಕೆಳಗಿಳಿಯಿತು. ನಾಲ್ಕು, ಮುರಿದ ಕುರ್ಚಿಯಾಯಿತು. ಎರಡಕ್ಕೆ ಬರುವಷ್ಟರಲ್ಲಿ ಪೆನ್ಸಿಲು ಕಾಗದವನ್ನು ಹರಿಯಿತು. ಅವರು ಕೈ ಎತ್ತಿದರು. ಹಾಳೆಯ ಮುಂಬದಿಯಲ್ಲಿ ಅದೇ ಅಂಕಿ, ಅಚ್ಚು ಹಾಕಿದಂತೆ ನೇರವಾಗಿ, ಅರ್ಧದ ನಡುವಿನ ಗೀಟು ಸಹ ಅಲುಗದೆ ನಿಂತಿತ್ತು.

ಅವಳು ಪೆನ್ಸಿಲನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡಳು.

"ಈ ಮಗ್ಗಿ ನೀವು ಎಷ್ಟು ಜನಕ್ಕೆ ಕಲಿಸಿದ್ದೀರಿ?"

"ಇಬ್ಬರಿಗೆ. ನಿನಗೆ," ಮಾವ ಬೀದಿಯ ಕಡೆ ಮುಖ ತಿರುಗಿಸಿದರು, "ನಿನಗಿಂತ ಮೊದಲು, ಏಳು ವರ್ಷದವನಿದ್ದಾಗ, ಅವನಿಗೆ."

ಗೊತ್ತಾಗಿತ್ತು. ಅಂಕಿ ನಾಲಗೆಗೆ ಬಂದ ಕ್ಷಣದಲ್ಲೇ ಗೊತ್ತಾಗಿತ್ತು. ಆದರೂ ಇನ್ನೊಬ್ಬರ ಬಾಯಿಂದ ಬರುವವರೆಗೆ ಅದನ್ನು ಅವಳು ಬಾಗಿಲ ಹೊರಗೇ ನಿಲ್ಲಿಸಿಕೊಂಡಿದ್ದಳು. ಈಗ ಅದು ಒಳಗೆ ಬಂದು, ಚಪ್ಪಲಿ ಬಿಟ್ಟು, ಮನೆಯವನ ಹಾಗೆ ಕೂತುಕೊಂಡಿತು.

ಅಪಘಾತವಾದ ಮರುದಿನ ಲಾಂಡ್ರಿಗೆ ಹೋಗಿ ಅರ್ಧ ದಿನ ಇದ್ದು ಬಂದಿದ್ದ ಗಂಡ. 'ನಿನ್ನ ತಮ್ಮನಿಗೆ ಏನಾದ್ರೂ ಸಹಾಯ ಆಗುತ್ತಾ ನೋಡೋಕೆ' ಎಂದಿದ್ದ. ಅವಳು ಅವತ್ತು ಅವನ ತಟ್ಟೆಗೆ ಎರಡು ಸಲ ಬಡಿಸಿದ್ದಳು. ಅದು ನೆನಪಾದಾಗ ಬಂದ ಸಿಟ್ಟು ಬೇರೆ ಯಾವ ಸಿಟ್ಟಿಗಿಂತಲೂ ದೊಡ್ಡದಾಗಿತ್ತು.

"ಯಾಕೆ?" ಅಂದಳು. "ಅವನು ಇವರಿಗೆ ಏನು ಮಾಡಿದ್ದ? ಮದುವೆ ಮನೆಯಲ್ಲಿ ಭಾವನ ಕೈ ಬಿಡದೆ ಓಡಾಡಿದ ಹುಡುಗ ಅವನು. ಯಾಕೆ ಮಾಡಿದ್ರು?"

"ನಿನಗೋಸ್ಕರ."

"ಏನಂದ್ರಿ?"

ಮಾವ ಕುರ್ಚಿಯ ಕೈ ಹಿಡಿದು ಏಳತೊಡಗಿದರು. ಅದು ಅವರಿಗೆ ಸುಲಭದ ಕೆಲಸವಲ್ಲ. ಬೇರೆ ದಿನವಾಗಿದ್ದರೆ ಅವಳು ಕೈ ಕೊಡುತ್ತಿದ್ದಳು. ಇವತ್ತು ನಿಂತೇ ಇದ್ದಳು. ಎದ್ದು ನಿಂತ ಮೇಲೆ ಅವರು ಕುರ್ಚಿಯ ಮೆತ್ತೆಯನ್ನು ಸರಿಸಿದರು. ಮೆತ್ತೆಯ ಕೆಳಗೆ, ನೀಲಿ ರಟ್ಟಿನ, ಎಣ್ಣೆ ಕಲೆಯ ಹಳೆಯ ರಿಜಿಸ್ಟರ್ ಇತ್ತು.

"ಅವನು ಮನೆಯೆಲ್ಲ ಹುಡುಕ್ತಿದ್ದಾನೆ. ಹದಿನಾರು ದಿನದಿಂದ ನಾನು ಇದರ ಮೇಲೆ ಕೂತಿದ್ದೀನಿ," ಎಂದರು. "ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ. ಹರಿದು ಹಾಕು ಅಂದ. ನಲವತ್ತು ವರ್ಷದಲ್ಲಿ ಒಂದು ಹಾಳೆ ಹರಿದವನಲ್ಲ ನಾನು. ಆಗಲಿಲ್ಲ. ಹಾಗಂತ ನಿನ್ನ ಕೈಗೆ ಕೊಡೋಕೂ ಆಗಲಿಲ್ಲ."

ಅವಳು ರಿಜಿಸ್ಟರನ್ನು ಬೆಂಚಿಗೆ ಒಯ್ದು ತೆರೆದಳು. ಪುಟ ಹುಡುಕಬೇಕಾಗಲಿಲ್ಲ, ಎಷ್ಟೋ ಸಲ ತೆರೆದು ನೋಡಿದ್ದಕ್ಕೆ ಅದು ತಾನೇ ಬಿಚ್ಚಿಕೊಂಡಿತು.

ಎರಡು ತಿಂಗಳ ಹಿಂದಿನ ದಿನ. ನೀರಿನ ಪಂಪ್‌ಹೌಸಿನವರ ಗೇಜುಗಳು ಬಂದಿದ್ದ ದಿನ. 'ನಲವತ್ತೂ ಸಂಜೆಗೆ ಕೊಡ್ತೀವಿ ಅಂತ ಒಪ್ಪಿಕೊಂಡು ಬಂದಿದ್ದೀನಿ' ಎಂದು ಗಂಡ ಹೇಳಿ ಹೊರಗೆ ಹೋಗಿದ್ದ. ಒಪ್ಪಿಕೊಳ್ಳುವ ಬಾಯಿ ಒಬ್ಬರದು, ಬೆಂಚಿನ ಮುಂದೆ ಬಾಗುವ ಬೆನ್ನು ಇನ್ನೊಬ್ಬರದು. ಅವಳು ಊಟ ಬಿಟ್ಟು ಕೂತಿದ್ದಳು. ಹತ್ತು ಬಿಲ್ಲೆ ಇಡು, ತಿರುಗಿಸು, ಮುಳ್ಳನ್ನು ಕಿತ್ತು ನೂರರ ಗೆರೆಗೆ ಒತ್ತಿ ಕೂರಿಸು, ಗೇಜು ತೆಗೆ. ಮುಂದಿನದು. ಪಂಪಿನ ಗೇಜು ಮೀಟರಿನದು. ಒಂದು ಕೆಜಿ ಒತ್ತಡ ನೀರನ್ನು ಹತ್ತು ಮೀಟರ್ ಎತ್ತುತ್ತದೆ. ಆದ್ದರಿಂದ ಹತ್ತು ಕೆಜಿಗೆ ನೂರು. ಮೇಲೆ ಕೆಳಗೆ ನಾಲ್ಕು ಕಡೆ ಪರೀಕ್ಷಿಸುವ ಹೊತ್ತಿರಲಿಲ್ಲ. ಒಂದೇ ಕಡೆ ನೋಡಿ ಬಿಟ್ಟಿದ್ದಳು.

ಮಧ್ಯಾಹ್ನ ತಮ್ಮ ಬಂದಿದ್ದ. ಬಾಯ್ಲರಿನ ಗೇಜು ಬಟ್ಟೆಯಲ್ಲಿ ಸುತ್ತಿಕೊಂಡು. 'ವರ್ಷದ ಪರೀಕ್ಷೆ ಅಕ್ಕ. ಸಂಜೆಗೆ ಬೇಕಿತ್ತು. ಆಗಲ್ಲ ಅಂದ್ರೆ ನಾಳೆ ಬರ್ತೀನಿ.'

'ಇಟ್ಟು ಹೋಗೋ. ನಿನಗೆ ಆಗಲ್ಲ ಅಂತ ಯಾವಾಗ ಅಂದಿದ್ದೀನಿ.'

ಸಾಲು ಮುರಿದು, ತಮ್ಮನದೆಂದು, ಅವನ ಗೇಜನ್ನು ನಡುವೆ ತೆಗೆದುಕೊಂಡಿದ್ದಳು.

ಇಪ್ಪತ್ತೇಳನೆಯ ಸಾಲು: ಲಾಂಡ್ರಿ. ಬಿಲ್ಲೆ, ಹತ್ತು. ಮುಳ್ಳು, ನೂರು. ಅಳತೆಯ ಕಾಲಮ್ಮಿನಲ್ಲಿ ಮೊದಲ ಸಾಲಿಗೆ ಮಾತ್ರ 'ಮೀಟರ್' ಎಂದು ಬರೆದು, ಕೆಳಗೆ ಉದ್ದಕ್ಕೂ, ಮೇಲಿನಂತೆಯೇ ಎಂದು ಹೇಳುವ ಎರಡೆರಡು ಪುಟ್ಟ ಗೀರು. ಇಪ್ಪತ್ತೇಳಕ್ಕೂ ಎರಡು ಗೀರು.

ಪೌಂಡಿನ ಗೇಜು ಅದು. ನೂರಕ್ಕೆ ಒತ್ತಬೇಕಿದ್ದುದು ಏಳು ಬಿಲ್ಲೆಗೆ. ಅವಳು ಹತ್ತಕ್ಕೆ ಒತ್ತಿದ್ದಳು.

ಅಕ್ಷರ ಅವಳದು.

ಒಂದೊಂದಾಗಿ ಎಲ್ಲವೂ ಬಂದು ಎದುರಿಗೆ ನಿಂತವು. ಮೂರು ಕೆಜಿಯಷ್ಟು ಹಿಂದೆ ಬಿದ್ದ ಮುಳ್ಳು, ಮೂರು ಕೆಜಿ ಒತ್ತಡ ಏರುವವರೆಗೂ ಸೊನ್ನೆಯ ಮೊಳೆಗೆ ಒರಗಿ ಮಲಗಿರುತ್ತದೆ. ಅದಕ್ಕೇ ಬೆಳಿಗ್ಗೆ ಏಳುತ್ತಿರಲಿಲ್ಲ. ತಮ್ಮ ಬಂದು ಹೇಳಿದ್ದ. ಅವಳು ನಕ್ಕಿದ್ದಳು. ಹೆಚ್ಚಿನ ಆವಿಯನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವನ್ನೂ ಆ ಗೇಜು ನೋಡಿಕೊಂಡೇ ಬಿಗಿದಿರುತ್ತಾರೆ, ಅದೂ ತೆರೆದಿಲ್ಲ. ತಮ್ಮ ನೂರನ್ನೇ ನೋಡಿದ್ದ, ನೂರನ್ನೇ ಬರೆದಿದ್ದ. ಒಳಗೆ ಹತ್ತು ಕೆಜಿ ಕುದಿಯುತ್ತಿತ್ತು. ಗೋಡೆಯ ಆಚೆ ಒಬ್ಬ ಹೆಂಗಸು ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಪಘಾತದ ನಂತರ ಹೋದಾಗ ಆ ಹಾಲಿನ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಒಂಟಿಯಾಗಿ ಉಳಿದದ್ದನ್ನು ಅವಳು ನೋಡಿದ್ದಳು. ಹಿಮ್ಮಡಿ ಸವೆದ, ಹಸಿರು ಪಟ್ಟಿಯ ಚಪ್ಪಲಿ.

"ಬಾಯ್ಲರ್ ಸಿಡಿದ ರಾತ್ರೀನೇ ಇದನ್ನ ನೋಡಿ ಕೂತುಬಿಟ್ಟ," ಮಾವ ಹಿಂದಿನಿಂದ ಹೇಳುತ್ತಿದ್ದರು. "ಅವಳನ್ನ ಎಳ್ಕೊಂಡು ಹೋಗ್ತಾರಪ್ಪ ಅಂತ ಅತ್ತ. ಚಿಕ್ಕ ಹುಡುಗನ ಹಾಗೆ."

"ಅತ್ತು, ಕಣ್ಣೊರೆಸಿಕೊಂಡು, ನನ್ನ ತಮ್ಮನ ಸಹಿ ಅಭ್ಯಾಸ ಮಾಡಿದ್ರು."

"ನೀನೋ ಅವನೋ ಅಂತ ಬಂದಾಗ..."

"ನಾನೋ ಅವನೋ ಅಲ್ಲ ಮಾವ." ಅವಳು ತಿರುಗಿದಳು. "ಸರ್ಟಿಫಿಕೇಟಿನ ಮೇಲೆ ಯಾರ ಸಹಿ ಇದೆ? ಏಳು ಕೆಜಿಗೆ ನೂರು, ಪರೀಕ್ಷಿಸಿದ್ದೇನೆ ಅಂತ, ಗೇಜನ್ನ ಕಣ್ಣಿಂದಲೂ ನೋಡದೆ ಸಹಿ ಹಾಕಿದ್ದು ಯಾರು? ಪೊಲೀಸಿನವರು ಈ ಬಾಗಿಲಿಗೆ ಬಂದಿದ್ರೆ ಮೊದಲು ಕೇಳ್ತಿದ್ದುದು ನನ್ನನ್ನಾ?"

ಮಾವ ಮೆತ್ತೆಯನ್ನು ಸರಿಮಾಡಿ, ಮೆಲ್ಲಗೆ ಮತ್ತೆ ಕೂತರು. ಆ ಪ್ರಶ್ನೆ ಅವರಿಗೆ ಹೊಸದಾಗಿರಲಿಲ್ಲ ಎಂದು ಅವಳಿಗೆ ಕಂಡಿತು.

ಗಂಡ ಅತ್ತದ್ದು ಅವಳಿಗಾಗಿಯೇ ಇರಬಹುದು. ತನಗಾಗಿಯೇ ಇರಬಹುದು. ಎರಡನ್ನು ಬೇರೆ ಮಾಡಿ ತೋರಿಸುವ ಗೇಜು ಈ ವರ್ಕ್‌ಶಾಪಿನಲ್ಲಿರಲಿಲ್ಲ. ರಿಜಿಸ್ಟರಿನ ಕೊನೆಯ ಕಾಲಮ್ಮಿನ ಮೇಲೆ 'ಪರೀಕ್ಷೆ ಮಾಡಿದವರು' ಎಂದು ಅಚ್ಚಾಗಿತ್ತು. ಪುಟ ಪುಟಕ್ಕೂ ಆ ಕಾಲಮ್ಮು ಖಾಲಿ. ಹದಿನೆಂಟು ವರ್ಷ ಸರಿಯಾಗಿ ಕೂತ ಸಾವಿರಾರು ಮುಳ್ಳುಗಳ ಪಕ್ಕದಲ್ಲಿ ಅವಳು ಇರಲಿಲ್ಲ. ತಪ್ಪಿ ಕೂತ ಒಂದರ ಪಕ್ಕದಲ್ಲೂ ಇಲ್ಲ. ಅದನ್ನೂ ಅವಳಿಂದ ತೆಗೆದುಕೊಂಡು, ತಮ್ಮನ ಹೆಗಲಿಗೆ ಹಾಕಿ, ಇದು ನಿನಗೋಸ್ಕರ ಎಂದಿದ್ದರು.

ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾಯಿತು.

ಮಾವ ಗಾಬರಿಯಿಂದ ಅವಳನ್ನು ನೋಡಿ, ಮೆತ್ತೆಯತ್ತ ಕೈ ತೋರಿಸಿದರು. ಅವಳು ಕೊಡಲಿಲ್ಲ. ಬಿಲ್ಲೆಗಳ ಮರದ ಪೆಟ್ಟಿಗೆಯ ತಳದಲ್ಲಿ ರಿಜಿಸ್ಟರಿಟ್ಟು, ಅದರ ಮೇಲೆ ಬಟ್ಟೆ ಹಾಸಿ, ಪಿಸ್ಟನ್ನಿಗೆ ಹಾಕದ ಐದು ಬಿಲ್ಲೆಗಳನ್ನು ಜೋಡಿಸಿ ಮುಚ್ಚಳ ಹಾಕಿದಳು.

ಗಂಡ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಏನು, ಇಬ್ಬರೂ ಶೋಕಸಭೆ ಮಾಡ್ತಿದ್ದೀರಾ? ಗುಜರಿಯವನನ್ನ ಕರೆದುಕೊಂಡು ಬಂದಿದ್ದೀನಿ. ಹಳೇ ರಿಜಿಸ್ಟರೆಲ್ಲ ಕೊಟ್ಟುಬಿಡೋಣ, ಗೆದ್ದಲು ಹಿಡೀತಿದೆ. ಆ ನೀಲಿದು ಒಂದು ಎಲ್ಲೂ ಕಾಣ್ತಿಲ್ಲ. ನೀನೇನಾದ್ರೂ ಎತ್ತಿಟ್ಟಿದ್ದೀಯೇನೇ?"

"ನನಗೇನು ಗೊತ್ತು," ಅಂದಳು. "ಸಹಿ ಹಾಕೋರು ನೀವು."

ಅವನು ಅವಳ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದ. ಬಾಗಿಲಲ್ಲಿ ಗುಜರಿಯವನು ಗೋಣಿಚೀಲ ಕೊಡವುತ್ತ ನಿಂತಿದ್ದ. "ಆ ಹಳೇ ಮರದ ಪೆಟ್ಟಿಗೆನೂ ಹಾಕ್ತೀರಾ ಸ್ವಾಮಿ?" ಎಂದ.

"ಅದು ದಿನಾ ಬೇಕು," ಎಂದಳು ಅವಳು.

ಬೆಂಚಿನ ಮೇಲೆ ಫೋನ್ ಹೊಡೆದುಕೊಂಡಿತು. ನಾಲ್ಕು ಗಂಟೆ. ಅವಳ ಕೈಗೆ ಎಣ್ಣೆ ಮೆತ್ತಿತ್ತು; ಗಂಡ ಎಂದಿನಂತೆ ತಾನೇ ಎತ್ತಿಕೊಂಡ.

"ಹೇಳಿ ವಕೀಲರೇ... ಇಲ್ಲ, ಪಾಪ, ಬೆಳಿಗ್ಗೆಯಿಂದ ನೋಡ್ತಾನೇ ಇದ್ದಾಳೆ, ಏನೂ ಸಿಕ್ಕಿಲ್ಲ. ಅಳುಮೋರೆ ಹಾಕ್ಕೊಂಡು ಕೂತಿದ್ದಾಳೆ. ನಾಳೆ ಅವಳು ಯಾಕೆ, ನಾನೇ ಬರ್ತೀನಿ ಹತ್ತಕ್ಕೆ. ಗೇಜಿನ ವಿಷಯ ನನಗೆ ಗೊತ್ತಿರೋಷ್ಟು ಅವಳಿಗೆ ಗೊತ್ತಾ." ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ ಅವಳ ಕಡೆ ತಿರುಗಿದ. "ಅಲ್ವೇನೇ?"

ಬಾಗಿಲ ಬಳಿ ಮಾವ ಕಣ್ಣು ಮುಚ್ಚಿಕೊಂಡರು.

"ಹೂಂ," ಅಂದಳು. "ನೀವೇ ಹೋಗಿ."

ಅವಳು ಬೆಂಚಿನ ಮುಂದೆ ಕೂತು, ಪಿಸ್ಟನ್ನಿನ ಮೇಲೆ ಉಳಿದಿದ್ದ ಬಿಲ್ಲೆಗಳನ್ನು ಎರಡು ಬೆರಳಿನಲ್ಲಿ ತಿರುಗಿಸಿದಳು. ಈ ಸಲ ಗೋಪುರ ಓಲಾಡಲಿಲ್ಲ. ಮುಳ್ಳು ಏರಿತು. ಓದಿಕೊಂಡು, ಇವತ್ತಿನ ರಿಜಿಸ್ಟರಿನಲ್ಲಿ ಸಾಲು ತುಂಬಿದಳು. ಅಳತೆಯ ಕಾಲಮ್ಮಿನಲ್ಲಿ ಗೀರು ಹಾಕದೆ 'ಕೆಜಿ' ಎಂದು ಪೂರ್ತಿ ಬರೆದಳು. ಕೊನೆಯ ಕಾಲಮ್ಮಿಗೆ ಬಂದಾಗ ಒಂದು ಗಳಿಗೆ ಪೆನ್ನು ತಡೆದು, ನಂತರ ಅಲ್ಲಿ ತನ್ನ ಸಹಿ ಹಾಕಿದಳು. ಶಾಲೆ ಬಿಟ್ಟ ಮೇಲೆ ಹೆಚ್ಚು ಬಳಸದ ಸಹಿ. ಅಕ್ಷರಗಳು ಸ್ವಲ್ಪ ದುಂಡಗೆ, ಹುಡುಗಿಯ ಕೈಬರಹದಂತೆ ಬಂದವು.

ಗಂಡ ಗುಜರಿಯವನೊಂದಿಗೆ ಒಳಗಿನ ಕಪಾಟಿನ ಮುಂದೆ ಗುದ್ದಾಡುತ್ತಿದ್ದ. ಯಾರೂ ನೋಡಲಿಲ್ಲ.

ಅವರು ಹತ್ತಕ್ಕೆ ಕೋರ್ಟಿಗೆ ಹೋಗಲಿ. ಬಾಯ್ಲರ್ ಕೇಸಿನ ತನಿಖಾಧಿಕಾರಿಯ ಕಚೇರಿ ಒಂಬತ್ತಕ್ಕೇ ತೆರೆಯುತ್ತದೆ.

ಅವಳು ಆರನೆಯ ಬಿಲ್ಲೆಗಾಗಿ ಪೆಟ್ಟಿಗೆಯ ಮುಚ್ಚಳ ತೆಗೆದಳು.